ಕಲ್ಲಚ್ಚಿಗೆ ಸಿಗದ ಕೈ

ಸುಳ್ಯ ದಾಟಿ ಸಂಪಾಜೆಯ ಕಡೆಗೆ ಹೆದ್ದಾರಿ ಹಿಡಿದರೆ ಪಯಸ್ವಿನಿಯ ಕಣಿವೆಯಲ್ಲಿ ಸಿಗುವ ಊರು ಅರಂತೋಡು. ಹೆಸರಿನಲ್ಲೇ ತೋಡಿದೆ. ಒಳದಾರಿ ಹಿಡಿದು ಹೋದರೆ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನ, ಅಲ್ಲಿಯ ನೀರಿನಲ್ಲಿ ಯಾರೂ ಬಲೆ ಬೀಸದ ದೇವರ ಮೀನುಗಳು. 1834ರವರೆಗೆ ಅಮರ ಸುಳ್ಯದ ಈ ಸೀಮೆ ಕೊಡಗಿನ ಅರಸರ ಕೈಯಲ್ಲಿತ್ತು. ಆಮೇಲೆ ಕಂಪೆನಿ ಸರಕಾರ ಅದನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಆಡಳಿತ ಎತ್ತ ಹೋದರೂ ಹೊಳೆ ಹರಿದದ್ದು ಒಂದೇ ಕಡೆಗೆ. ಇಲ್ಲಿಂದ ಇಳಿದ ಪಯಸ್ವಿನಿ ಕಾಸರಗೋಡಿನ ಬಳಿ ಚಂದ್ರಗಿರಿ ಎನ್ನಿಸಿಕೊಂಡು ಕಡಲು ಸೇರುತ್ತದೆ. ಅಲ್ಲಿಂದ ತುಸು ಬಡಗಣಕ್ಕೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ. ಆ ಕಡಲತಡಿಯಿಂದ ಈ ಘಟ್ಟದ ಬುಡದವರೆಗಿನ ನೆಲವೇ ತೆಂಕುತಿಟ್ಟು ಯಕ್ಷಗಾನದ ಸೀಮೆ. ಕೊಯ್ಲು ಮುಗಿದ ಗದ್ದೆಯಲ್ಲಿ, ದೇವಸ್ಥಾನದ ಎದುರಿನ ಬಯಲಿನಲ್ಲಿ, ಹರಕೆ ಹೊತ್ತವರ ಮನೆಯ ಅಂಗಳದಲ್ಲಿ ಇಲ್ಲಿ ಇಡೀ ರಾತ್ರಿ ಆಟ ನಡೆದಿದೆ. ಆ ಆಟದಲ್ಲಿ ರಕ್ಕಸನೊಬ್ಬ ಎರಡೂ ಕೈಗಳನ್ನು ಕಿವಿಯ ಮಟ್ಟಕ್ಕೆ ಎತ್ತಿ, ಹತ್ತೂ ಬೆರಳು ಬಿಡಿಸಿ, ಚೆಂಡೆಯ ಒಂದು ಪೆಟ್ಟಿಗೆ ಸ್ತಬ್ಧನಾಗಿ ನಿಲ್ಲುತ್ತಾನಲ್ಲ, ಆ ಕೈಗೆ ಏನರ್ಥ? ಅದು ಹಳ್ಳಿಯವರ ಒರಟು ಅತಿರೇಕ ಎಂದವರಿದ್ದಾರೆ, ಶಾಸ್ತ್ರದಿಂದ ಜಾರಿದ ಮುದ್ರೆ ಎಂದವರೂ ಇದ್ದಾರೆ. ಎರಡೂ ತಪ್ಪು ಎಂಬುದು ನನ್ನ ವಾದ. ದೂರಕ್ಕೂ ಬೆಂಕಿಯ ಬೆಳಕಿಗೂ ಹೇಳಿ ಮಾಡಿಸಿದ ಲಿಪಿ ಅದು. ಅದನ್ನು ಕಾಗದದ ಮೇಲೆ ನಿಜವಾಗಿ ಹಿಡಿಯಬಲ್ಲದ್ದು ವ್ಯಂಗ್ಯಚಿತ್ರದ ಗೆರೆ ಮಾತ್ರ. ಆ ಗೆರೆ ನಮ್ಮ ಸೀಮೆಯಲ್ಲಿ ಹುಟ್ಟಬೇಕಾದ ಕಾಲಕ್ಕೆ ಹುಟ್ಟಲಿಲ್ಲ. ಹಾಗಾಗಿಯೇ ಆ ಕೈಯನ್ನು ಓದುವುದು ನಮಗೆ ಇಷ್ಟು ಕಷ್ಟವಾಗಿದೆ.

ಆ ಗೆರೆ ಹುಟ್ಟಬಹುದಿತ್ತು, ಅದಕ್ಕೆ ಬೇಕಾದ ಸಾಧನ ಮಂಗಳೂರಿನಲ್ಲೇ ಇತ್ತು. ಬಾಸೆಲ್ ಮಿಶನ್ನಿನವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣ ಆರಂಭಿಸಿದರು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಆ ಕಲ್ಲಿನ ಮೇಲೆಯೇ. ಕಲ್ಲಚ್ಚಿನ ಗುಣ ಏನೆಂದರೆ, ಅಚ್ಚುಮೊಳೆ ಜೋಡಿಸುವ ಕೆಲಸವಿಲ್ಲ. ನಯಗೊಳಿಸಿದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದದ್ದೆಲ್ಲ ಕಾಗದಕ್ಕೆ ಇಳಿಯುತ್ತದೆ. ಅಕ್ಷರ ಬರೆದರೆ ಅಕ್ಷರ, ಚಿತ್ರ ಬರೆದರೆ ಚಿತ್ರ. ಅದೇ ವರ್ಷಗಳಲ್ಲಿ ಪ್ಯಾರಿಸ್ಸಿನಲ್ಲಿ ಹೊನೊರೆ ದೊಮಿಯೆ ಎಂಬಾತ ‘ಲ ಶಾರಿವಾರಿ’ ಪತ್ರಿಕೆಗಾಗಿ ಅಂಥದೇ ಕಲ್ಲಿನ ಮೇಲೆ ದುರಂತನಾಟಕದ ನಟರನ್ನು ಬರೆಯುತ್ತಿದ್ದ. ಎದೆಗೆ ಒತ್ತಿದ ಮುಷ್ಟಿ, ಆಕಾಶಕ್ಕೆ ಚಾಚಿದ ತೋಳು, ಹಿಂದಕ್ಕೆ ಬಾಗಿದ ಕತ್ತು, ಬಿಟ್ಟ ಬಾಯಿ. ಒಂದೇ ಕಾಲ, ಒಂದೇ ತಂತ್ರ. ಅಲ್ಲಿಯ ಕಲ್ಲಿಗೆ ನಟರು ಸಿಕ್ಕರು, ಇಲ್ಲಿಯ ಕಲ್ಲಿಗೆ ಅಕ್ಷರಗಳು ಮಾತ್ರ. ಮಿಶನ್ನಿನವರು ಕ್ರೈಸ್ತ ಧರ್ಮ ಸಾರಲು ಬಂದವರು, ಹರಕೆಯ ಆಟದ ವೇಷಗಳನ್ನು ಅವರು ಅಚ್ಚು ಹಾಕಲಿ ಎಂದು ನಿರೀಕ್ಷಿಸುವುದು ಸರಿಯಲ್ಲ. ಆದರೆ ಆಮೇಲೆ ನಮ್ಮವರೇ ಅಚ್ಚುಕೂಟ ಕಟ್ಟಿದಾಗಲೂ ಆದದ್ದು ಅದೇ. ಉಡುಪಿಯ ಪಾವಂಜೆ ಗುರುರಾಯರಂಥ ಪ್ರಕಾಶಕರು ಯಕ್ಷಗಾನ ಪ್ರಸಂಗಗಳನ್ನು ಮನೆಮನೆಗೆ ಮುಟ್ಟಿಸಿದರು. ಆ ಪುಸ್ತಕಗಳಲ್ಲಿ ಇರುವುದು ಪದಗಳು, ರಾಗತಾಳದ ಹೆಸರುಗಳು. ಅರ್ಥ ಇಲ್ಲ, ಹೆಜ್ಜೆ ಇಲ್ಲ, ಕೈ ಇಲ್ಲ. ಪದವನ್ನು ಭಾಗವತ ನೋಡಿ ಹಾಡಬೇಕಿತ್ತು. ಉಳಿದದ್ದು ಕಲಾವಿದನ ಮೈಯಲ್ಲಿ ಇದ್ದೇ ಇರುತ್ತದೆ ಎಂಬ ಭರವಸೆ ಆ ಕಾಲದ್ದು.

ಆ ಭರವಸೆಯ ಹಿಂದೆ ಒಂದು ಆರ್ಥಿಕ ಕಾರಣವೂ ಇದೆ. ಜಪಾನಿನ ಎಡೊ ಪಟ್ಟಣದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಕಬುಕಿ ನಾಟಕಕ್ಕೆ ನೆಲೆನಿಂತ ರಂಗಮಂದಿರಗಳಿದ್ದವು. ಅಲ್ಲಿ ಪ್ರೇಕ್ಷಕ ದುಡ್ಡು ಕೊಟ್ಟು ಒಳಗೆ ಹೋಗುತ್ತಿದ್ದ. ನಟನಿಗೆ ಹೆಸರಿತ್ತು, ಹೆಸರಿಗೆ ಬೆಲೆಯಿತ್ತು, ಆ ಬೆಲೆಯನ್ನು ಕಾಗದಕ್ಕಿಳಿಸಿ ಮಾರುವ ಪ್ರಕಾಶಕರಿದ್ದರು. ಮರದಚ್ಚಿನಲ್ಲಿ ಒತ್ತಿದ ನಟನ ಚಿತ್ರವನ್ನು ಜನ ಕೊಂಡು ಮನೆಗೆ ಒಯ್ಯುತ್ತಿದ್ದರು. ನಮ್ಮ ಆಟ ಬೇರೆ ದಾರಿಯದು. ಮೇಳ ಊರಿಂದೂರಿಗೆ ನಡೆಯುತ್ತಿತ್ತು. ಆಟ ದೇವರ ಸೇವೆ, ಆಡಿಸುವವನದು ಹರಕೆ, ನೋಡುವವನಿಗೆ ಚಾಪೆ ಹಾಸಿಕೊಂಡು ಕೂರಲು ನೆಲ ಇದ್ದರೆ ಸಾಕು. ಡೇರೆ ಕಟ್ಟಿ ಟಿಕೇಟು ಹರಿಯುವ ಮೇಳಗಳು ಬಲವಾದದ್ದು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ. ಅದಕ್ಕಿಂತ ಮುಂಚೆ ವೇಷಧಾರಿಯ ಚಿತ್ರವನ್ನು ಅಚ್ಚು ಹಾಕಿ ಮಾರುವ ಪೇಟೆ ಇರಲಿಲ್ಲ. ಪೇಟೆ ಇಲ್ಲದ್ದರಿಂದ ಚಿತ್ರವಿಲ್ಲ, ಚಿತ್ರವಿಲ್ಲದ್ದರಿಂದ ತೆಂಕುತಿಟ್ಟಿನ ಕೈಗೆ ಕಾಗದದ ಚರಿತ್ರೆಯೇ ಇಲ್ಲ. ಆದ್ದರಿಂದ ಅದನ್ನು ತಿಳಿಯಲು ಚಿತ್ರ ಇರುವ ಕಡೆಯ ಉದಾಹರಣೆಯೊಂದನ್ನು ಎದುರಿಗಿಟ್ಟುಕೊಳ್ಳಬೇಕು. ಆ ಕೆಲಸಕ್ಕೆ ಎಡೊ ಪಟ್ಟಣದ ಶರಾಕು ಸಾಕು.

ತೊಶೂಸಾಯ್ ಶರಾಕು ಎಂಬ ಹೆಸರಿನ ಚಿತ್ರಕಾರ 1794ರ ನಡುಭಾಗದಿಂದ 1795ರ ಆರಂಭದವರೆಗೆ, ಸುಮಾರು ಹತ್ತು ತಿಂಗಳು ಕೆಲಸ ಮಾಡಿದ. ನೂರನಲವತ್ತರಷ್ಟು ಚಿತ್ರ ಕೊಟ್ಟು ಮಾಯವಾದ. ಅವನ್ನು ಪ್ರಕಟಿಸಿದವನು ತ್ಸುತಾಯ ಜೂಜಬುರೊ. ಅವುಗಳಲ್ಲಿ ಲೋಕಪ್ರಸಿದ್ಧವಾದದ್ದು ಮೂರನೆಯ ಒತಾನಿ ಒನಿಜಿ ಎಂಬ ನಟ ಎಡೊಬೆಯಿ ಎಂಬ ಖಳಸೇವಕನ ಪಾತ್ರದಲ್ಲಿ ನಿಂತದ್ದು. ಅಭ್ರಕದ ಹುಡಿ ಬಳಿದ ಕಪ್ಪು ಹಿನ್ನೆಲೆ. ಮುಂದಕ್ಕೆ ಚಾಚಿದ ಕತ್ತು, ಬಿಗಿದ ತುಟಿ, ಮೂಗಿನ ಕಡೆಗೆ ಕೂಡಿಬಂದ ಕಣ್ಣುಗುಡ್ಡೆ. ಅಂಗಿಯ ಒಳಗಿನಿಂದ ಎದೆಯ ಮಟ್ಟದಲ್ಲಿ ಎರಡು ಕೈಗಳು ಹೊರಬಂದಿವೆ, ಬೆರಳೆಲ್ಲ ಬಿಡಿಸಿಕೊಂಡಿವೆ. ನೋಡಿದವರಿಗೆ ಮೊದಲು ಕಾಣುವ ವಿಚಿತ್ರವೆಂದರೆ ಆ ಮುಖದ ಗಾತ್ರಕ್ಕೆ ಈ ಕೈಗಳು ಚಿಕ್ಕವು, ಅವು ಮೈಗೆ ಸೇರಿದ ಬಗೆಯೂ ಸರಿಯಿಲ್ಲ. ಅಂಗರಚನೆ ಕಲಿಸುವ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗುರುತು ಹಾಕುವಂಥ ತಪ್ಪು. ಆದರೆ ಕತೆ ತಿಳಿದು ನೋಡಿದರೆ ತಪ್ಪು ಕರಗುತ್ತದೆ. ಎಡೊಬೆಯಿ ಇನ್ನೊಬ್ಬ ಸೇವಕನ ಕೈಯಲ್ಲಿದ್ದ ಹಣ ದೋಚಲು ಬಂದವನು. ಮೇಲೆ ಬೀಳುವ ಮುಂಚಿನ ಕ್ಷಣ ಅದು. ಹಣ ಇನ್ನೂ ಕೈಗೆ ಸಿಕ್ಕಿಲ್ಲ, ಕೈ ಆಗಲೇ ಹಿಡಿಯುತ್ತಿದೆ. ಆಸೆ ಮೈಗಿಂತ ಮುಂಚೆ ಹೊರಟಿದೆ. ಸರಿಯಾದ ಅಳತೆಯ ಕೈ ಬರೆದಿದ್ದರೆ ಅಲ್ಲಿ ಒಬ್ಬ ಮನುಷ್ಯ ಕಾಣುತ್ತಿದ್ದ. ಅಳತೆ ತಪ್ಪಿಸಿದ್ದರಿಂದ ದೋಚಲಿರುವವನು ಕಾಣುತ್ತಾನೆ.

ಇನ್ನೊಂದು ಸಂಗತಿಯೂ ಇದೆ. ಕಬುಕಿಯಲ್ಲಿ ನಟ ಉತ್ಕಟ ಘಟ್ಟದಲ್ಲಿ ಹೀಗೆ ಸ್ತಬ್ಧನಾಗುವುದಕ್ಕೆ ‘ಮಿಯೆ’ ಎನ್ನುತ್ತಾರೆ. ಆ ಹೊತ್ತಿಗೆ ರಂಗದ ಬದಿಯಲ್ಲಿ ಕೂತವನು ಮರದ ತುಂಡುಗಳನ್ನು ಹಲಗೆಗೆ ಬಡಿಯುತ್ತಾನೆ. ಸದ್ದು ಭಂಗಿಯನ್ನು ಮೊಳೆಯಂತೆ ಜಡಿಯುತ್ತದೆ. ಕಾಗದದ ಮೇಲೆ ಆ ಸದ್ದಿಲ್ಲ. ಸದ್ದು ಮಾಡುತ್ತಿದ್ದ ಕೆಲಸವನ್ನು ಗೆರೆಯೇ ಮಾಡಬೇಕು. ಆದ್ದರಿಂದ ಗೆರೆ ತನ್ನ ಅಳತೆ ಮೀರುತ್ತದೆ. ನಟಚಿತ್ರಗಳಲ್ಲಿ ಕಾಣುವ ಅತಿಯ ಬಹುಪಾಲು ಹೀಗೆ ಕಳೆದುಹೋದ ಸದ್ದಿನ ಪರಿಹಾರ. ನಮ್ಮ ಚೆಂಡೆಗೆ ಇದನ್ನು ಹೊಂದಿಸಿ ನೋಡಿ. ರಕ್ಕಸನ ಪಾತ್ರವಾದ ಬಣ್ಣದ ವೇಷ ತೋಳೆತ್ತಿ ನಿಲ್ಲುವುದು ಚೆಂಡೆಯ ಪೆಟ್ಟಿನ ಮೇಲೆ. ಆ ನಿಲುವಿಗೆ ಇಲ್ಲಿಯವರು ಹೇಳುವ ಮಾತು ಗತ್ತು. ‘ಅವರ ರಾವಣನ ಗತ್ತು ಬೇರೆ’ ಎಂದಾಗ ಜನ ಮುಖದ ಬಣ್ಣವನ್ನಾಗಲಿ ಅರ್ಥದ ಪಾಂಡಿತ್ಯವನ್ನಾಗಲಿ ಹೊಗಳುತ್ತಿಲ್ಲ. ಪೆಟ್ಟು ಬಿದ್ದ ಕ್ಷಣ ಮೈ ಎಲ್ಲಿ ನಿಂತಿತು, ಕೈ ಎಷ್ಟು ದೂರ ಹೋಗಿ ನಿಂತಿತು ಎಂಬುದನ್ನು ಹೇಳುತ್ತಿದ್ದಾರೆ. ಫೋಟೊದಲ್ಲಿ ಅದೇ ನಿಲುವು ಸಪ್ಪೆಯಾಗುವುದು ಎಲ್ಲರೂ ಬಲ್ಲ ಸಂಗತಿ. ಕ್ಯಾಮೆರಾ ಕೈಯನ್ನು ಇದ್ದಷ್ಟೇ ಉದ್ದಕ್ಕೆ ಹಿಡಿಯುತ್ತದೆ, ಚೆಂಡೆಯನ್ನು ಬಿಟ್ಟುಬಿಡುತ್ತದೆ.

ತೆಂಕಿನ ಕೈ ಯಾಕೆ ಅಷ್ಟು ದೂರ ಹೋಗಬೇಕಾಯಿತು ಎಂದರೆ ಉತ್ತರ ಬಯಲಿನಲ್ಲಿದೆ. ಹಳೆಯ ಆಟಕ್ಕೆ ಬೆಳಕು ಎಂದರೆ ದೊಂದಿ, ದೀವಟಿಗೆ, ಅನಂತರ ಗ್ಯಾಸ್‌ಲೈಟು, ವಿದ್ಯುತ್ತು ಬಹಳ ತಡವಾಗಿ ಬಂದದ್ದು. ಗಾಳಿಗೆ ಅಲ್ಲಾಡುವ ಬೆಂಕಿಯಲ್ಲಿ, ಗದ್ದೆಯ ಆಚೆ ಬದುವಿನಲ್ಲಿ ಕೂತವನಿಗೆ ಹುಬ್ಬಿನ ಕೊಂಕು ಕಾಣುವುದಿಲ್ಲ. ಕಾಣುವುದು ಆಕಾರ. ಹಾಗಾಗಿ ವೇಷದ ಪ್ರತಿಯೊಂದು ಅಂಗವೂ ಆಕಾರವನ್ನು ಹಿಗ್ಗಿಸುತ್ತ ಬೆಳೆಯಿತು. ಬಣ್ಣದ ವೇಷದ ತಲೆಯ ಹಿಂದೆ ಕೇಸರಿತಟ್ಟಿಯ ದೊಡ್ಡ ವೃತ್ತ. ಮೈಗೆ ದಪ್ಪ ಕಟ್ಟು. ಮುಖಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣದ ಚುಟ್ಟಿ. ಬಣ್ಣ ಹಚ್ಚುವ ಚೌಕಿಯಲ್ಲಿ ಕಲಾವಿದ ಕನ್ನಡಿ ಹಿಡಿದು ಕೂತು, ಕಡ್ಡಿಯ ತುದಿಯಲ್ಲಿ ಹಿಟ್ಟಿನ ಬೊಟ್ಟು ತೆಗೆದು ಒಂದರ ಪಕ್ಕ ಒಂದು ಇಡುತ್ತ, ಒಣಗಿದ ಮೇಲೆ ಅದರ ಮೇಲೆ ಮತ್ತೊಂದು ಇಡುತ್ತ ಹೋದರೆ ಗಂಟೆಗಟ್ಟಲೆ ಹೊತ್ತು ಬೇಕು. ಕೊನೆಗೆ ಕೆನ್ನೆಯ ಮೇಲೆ ಮುಳ್ಳಿನ ಸಾಲುಗಳೇ ಏಳುತ್ತವೆ. ಆ ಮುಳ್ಳುಗಳ ನಡುವೆ ಮುಖದ ಸ್ನಾಯು ಸೂಕ್ಷ್ಮವಾಗಿ ಆಡುವಂತಿಲ್ಲ. ಆಡಿದರೆ ಚುಟ್ಟಿ ಉದುರುತ್ತದೆ. ಇದು ಗಮನಿಸಬೇಕಾದ ವಿಷಯ. ಮುಖವನ್ನು ಸ್ಥಿರಚಿತ್ರ ಮಾಡಿದ ಕಲೆ ಚಲಿಸುವ ಭಾರವನ್ನು ಕೈಗೆ ಕೊಟ್ಟಿತು. ಶರಾಕು ಕಾಗದದ ಮೇಲೆ ಮಾಡಿದ್ದನ್ನು ತೆಂಕಿನ ಚೌಕಿ ಮನುಷ್ಯನ ಮೈಮೇಲೆ ಮಾಡಿತು ಎಂದರೆ ಅತಿಯಾಗದು. ವ್ಯಂಗ್ಯಚಿತ್ರಕಾರ ಮಾಡುವ ಕೆಲಸವೂ ಇದೇ ಅಲ್ಲವೇ: ಬೇಡದ್ದನ್ನು ಬಿಟ್ಟು, ಬೇಕಾದ ಒಂದೆರಡು ಅಂಗಗಳನ್ನು ದೂರದಿಂದ ಗುರುತು ಸಿಗುವಷ್ಟು ಬೆಳೆಸುವುದು.

ಈ ಕೈಯನ್ನು ಹತ್ತಿರದಿಂದ ನೋಡಲು ತಕ್ಕ ಜಾಗ ರಕ್ಕಸಿಯ ವೇಷವಾದ ಹೆಣ್ಣುಬಣ್ಣದ ಒಡ್ಡೋಲಗ, ಅಂದರೆ ಆ ವೇಷದ ರಂಗಪ್ರವೇಶ. ಶೂರ್ಪನಖಿಯೋ ತಾಟಕಿಯೋ ಬರುವ ಹೊತ್ತು. ಇಬ್ಬರು ತೆರೆ ಹಿಡಿಯುತ್ತಾರೆ. ಒಳಗಿನಿಂದ ಅಟ್ಟಹಾಸ ಕೇಳುತ್ತದೆ. ದೀವಟಿಗೆಗೆ ರಾಳದ ಹುಡಿ ಎರಚಿದಾಗ ಬೆಂಕಿ ಭಗ್ಗನೆ ಎದ್ದು ಕೇಸರಿತಟ್ಟಿಯ ಅಂಚು ತೆರೆಯ ಮೇಲ್ಗಡೆ ಮಿಂಚಿ ಮರೆಯಾಗುತ್ತದೆ. ಆಮೇಲೆ ನಿಧಾನಕ್ಕೆ ರಕ್ಕಸಿಯ ಬೆಳಗು ಆರಂಭವಾಗುತ್ತದೆ. ಎದ್ದು ಮೈಮುರಿಯುವುದು, ತಲೆ ಕೆದರಿ ಬಾಚಿಕೊಳ್ಳುವುದು, ಬರಿ ಅಂಗೈಯನ್ನು ಕನ್ನಡಿ ಮಾಡಿ ಮುಖ ನೋಡುವುದು, ಬೊಟ್ಟು ಇಟ್ಟುಕೊಳ್ಳುವುದು, ಇಟ್ಟದ್ದು ಸರಿಯಾಯಿತೇ ಎಂದು ಮತ್ತೆ ನೋಡುವುದು. ಪ್ರತಿ ಕ್ರಿಯೆಗೂ ಚೆಂಡೆ. ಕೂದಲಿನ ಸಿಕ್ಕು ಬಿಡಿಸುವ ಕೈ ಭುಜದಿಂದ ಹೊರಟು ತೋಳಿನ ಉದ್ದಕ್ಕೂ ಸಾಗಿ ಬರುತ್ತದೆ. ಬಾಚಣಿಗೆಗೆ ಸಿಕ್ಕ ಹೇನನ್ನು ಉಗುರಿನಲ್ಲಿ ಕುಕ್ಕುವಾಗ ಇಡೀ ಬಯಲಿಗೆ ಆ ಹೇನು ಕಾಣಬೇಕು. ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿದಿರುತ್ತಾರೆ, ಅಮ್ಮ ನಗುತ್ತಿರುತ್ತಾಳೆ. ತಾನು ಮುಂಜಾನೆ ಮಾಡುವ ಕೆಲಸವನ್ನೇ ಅವಳು ಹತ್ತುಪಟ್ಟು ದೊಡ್ಡದಾಗಿ ನೋಡುತ್ತಿದ್ದಾಳೆ. ಅಂಗೈಯಲ್ಲಿ ಕನ್ನಡಿ ಇಲ್ಲ, ಆದರೆ ನೋಡುವ ಬಗೆಯಲ್ಲಿ ರಕ್ಕಸಿಯ ಠೀವಿ, ತನ್ನ ಚೆಲುವಿನ ಮೇಲಿನ ನಂಬಿಕೆ, ಮುಂದೆ ರಾಮನ ಎದುರು ಆಗಲಿರುವ ಅವಮಾನ ಎಲ್ಲವೂ ಇವೆ. ಇದನ್ನು ವ್ಯಂಗ್ಯಚಿತ್ರ ಎನ್ನದೆ ಇನ್ನೇನು ಎನ್ನುವುದು?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ವ್ಯಂಗ್ಯಚಿತ್ರ ಗೇಲಿ ಮಾಡುವುದಕ್ಕೆ ಇರುವುದು, ದೇವರ ಸೇವೆಯ ಆಟವನ್ನು ಅದರ ಸಾಲಿಗೆ ನಿಲ್ಲಿಸುವುದು ಅಪಚಾರ ಎಂದು. ಗೇಲಿ ಇದೆ, ನಿಜ. ದೊಮಿಯೆ ತನ್ನ ನಟರನ್ನು ಕನಿಕರವಿಲ್ಲದೆ ನಗೆಪಾಟಲು ಮಾಡಿದ. ಉಬ್ಬಿದ ಎದೆಯ ಕೆಳಗೆ ಬೊಜ್ಜಿನ ಹೊಟ್ಟೆ ತೋರಿಸಿದ. ಆದರೆ ಗೇಲಿ ಆ ಚಿತ್ರದ ಒಂದು ಬಳಕೆಯಷ್ಟೆ. ಶರಾಕುವಿನ ವಿಷಯದಲ್ಲಿ ಅವನ ಕಾಲಕ್ಕೆ ಸೇರಿದ ಬರಹಗಾರ ಓತಾ ನಾನ್ಪೊನ ಅಭಿಪ್ರಾಯವಾಗಿ ಉಳಿದುಬಂದಿರುವ ಮಾತಿನ ಸಾರ ಹೀಗಿದೆ: ಆತ ನಟರನ್ನು ಅತಿ ನಿಜವಾಗಿ ಬರೆಯಲು ಹೋದ, ಅದಕ್ಕೇ ಬಹುಕಾಲ ನಿಲ್ಲಲಿಲ್ಲ. ಇಂದು ನಾವು ಉತ್ಪ್ರೇಕ್ಷೆ ಎಂದು ಕರೆಯುವುದನ್ನು ಆ ರಂಗಭೂಮಿಯನ್ನು ದಿನವೂ ಕಂಡವರು ನಿಜ ಎಂದು ದೂರಿದರು. ಹೆಣ್ಣುವೇಷದ ಗಂಡಸಿನಲ್ಲಿ ಗಂಡಸೂ ಕಂಡ, ವಯಸ್ಸಾದ ನಟನಲ್ಲಿ ವಯಸ್ಸೂ ಕಂಡಿತು. ನಮ್ಮಲ್ಲೂ ಬಣ್ಣದ ವೇಷವನ್ನು ಕಂಡು ನಗುವವರು ಅದನ್ನು ಕೀಳಾಗಿ ಕಾಣುವುದಿಲ್ಲ. ಅದೇ ಬಣ್ಣದ ವೇಷಕ್ಕೆ ಮೇಳದಲ್ಲಿ ದೊಡ್ಡ ಸ್ಥಾನ. ಬಣ್ಣದ ಮಾಲಿಂಗನಂಥವರ ಹೆಸರಿಗೆ ಕಲೆಯೇ ಬಿರುದಾಗಿ ಸೇರಿಕೊಂಡಿತು. ಹೆದರಿಕೆಯೂ ನಗೆಯೂ ಒಂದೇ ಕೈಯಿಂದ ಬರಬಹುದು ಎಂಬುದು ಗದ್ದೆಯ ಬದುವಿನಲ್ಲಿ ಕೂತವನಿಗೆ ಗೊತ್ತಿತ್ತು. ಹಾಸ್ಯಗಾರನಿಗಂತೂ ಅದೇ ಬದುಕು. ಮಿಜಾರು ಅಣ್ಣಪ್ಪ, ಪೆರುವಡಿ ನಾರಾಯಣ ಭಟ್ಟರಂಥ ಹಾಸ್ಯಗಾರರು ದೂತನಾಗಿಯೋ ಪುರೋಹಿತನಾಗಿಯೋ ಬಂದು ರಾಜನ ಎದುರು ನಿಂತಾಗ ರಾಜನ ಗತ್ತಿಗೆ ಎದುರಾಗಿ ಕುಗ್ಗಿದ ಹೆಗಲು, ಪರಚಿಕೊಳ್ಳುವ ಬೆರಳು ಇರುತ್ತಿದ್ದವು. ದೊಡ್ಡ ಕೈ ದೊಡ್ಡದೆಂದು ತಿಳಿಯುವುದು ಪಕ್ಕದಲ್ಲಿ ಈ ಚಿಕ್ಕ ಕೈ ಇದ್ದಾಗ.

ಎರಡನೆಯ ಆಕ್ಷೇಪ ಪಂಡಿತರದ್ದು. ಕೈಯ ಅರ್ಥಕ್ಕೆ ಶಾಸ್ತ್ರವಿದೆಯಲ್ಲ, ನಾಟ್ಯಶಾಸ್ತ್ರದ ಹಸ್ತಗಳಿವೆ, ಅಭಿನಯದರ್ಪಣವಿದೆ; ಯಕ್ಷಗಾನದ ಕೈಯನ್ನು ಅವುಗಳಿಂದಲೇ ಓದಬೇಕು ಎಂದು. ಪಕ್ಕದಲ್ಲಿರುವ ಕಥಕಳಿಯೇ ಇದಕ್ಕೆ ಉತ್ತರ ಹೇಳುತ್ತದೆ. ತೆಂಕುತಿಟ್ಟಿಗೂ ಕಥಕಳಿಗೂ ಚೆಂಡೆಯಲ್ಲಿ, ವೇಷದಲ್ಲಿ, ಚುಟ್ಟಿಯಲ್ಲಿ, ತೆರೆಯ ಬಳಕೆಯಲ್ಲಿ ನೆಂಟಸ್ತಿಕೆ ಇದೆ. ಆದರೆ ಕಥಕಳಿಯ ನಟ ಮಾತಾಡುವುದಿಲ್ಲ. ಹಿಂದಿನಿಂದ ಹಾಡುವವರ ಪದವನ್ನು ಅವನು ಕೈಯಲ್ಲಿ ಬಿಡಿಸಿ ಹೇಳಬೇಕು. ಹಸ್ತಲಕ್ಷಣದೀಪಿಕೆಯ ಇಪ್ಪತ್ತನಾಲ್ಕು ಮುದ್ರೆಗಳು ಅವನಿಗೆ ನಾಲಗೆ. ಯಕ್ಷಗಾನದ ವೇಷಧಾರಿಗೆ ಬಾಯಿ ಇದೆ. ಪದ ಮುಗಿದೊಡನೆ ಆತ ತಾನೇ ಅರ್ಥ ಹೇಳುತ್ತಾನೆ, ಅದೂ ಆಶುವಾಗಿ. ‘ಕಮಲ’ ಎಂದು ಬಾಯಿ ಹೇಳುತ್ತಿರುವಾಗ ಕೈಯೂ ಕಮಲ ಮಾಡಿ ತೋರಿಸಬೇಕಾದ ಅಗತ್ಯ ಅವನಿಗಿಲ್ಲ. ಮಾತಿನ ಊಳಿಗದಿಂದ ಬಿಡುಗಡೆಯಾದ ಕೈ ಬೇರೆ ಕೆಲಸ ಹಿಡಿಯಿತು: ಪಾತ್ರದ ಗಾತ್ರ ತೋರಿಸುವುದು, ಎದುರಾಳಿಗೂ ತನಗೂ ನಡುವಿನ ದೂರ ಅಳೆಯುವುದು, ತಾಳದ ಮುಗಿತಾಯವನ್ನು ಕಣ್ಣಿಗೆ ಕಾಣಿಸುವುದು. ತೆಂಕಿನ ವೇಷಧಾರಿ ಕುರಿಯ ವಿಠಲ ಶಾಸ್ತ್ರಿಗಳು ಭರತನಾಟ್ಯದ ಅಂಶಗಳನ್ನು ತಂದು ಶಿವತಾಂಡವವನ್ನು ರಂಗಕ್ಕೆ ಕೊಟ್ಟರು. ಅದರಿಂದ ತೆಂಕಿನ ಕುಣಿತಕ್ಕೆ ಹೊಸ ಚೆಲುವು ಬಂದದ್ದು ನಿಜ. ಆದರೆ ಅದು ಹೊರಗಿನಿಂದ ಬಂದದ್ದು ಎಂದು ಎಲ್ಲರೂ ಗುರುತಿಸಿದರು ಎಂಬುದೇ ಒಳಗಿನ ಕೈ ಬೇರೆಯಾಗಿತ್ತು ಎಂಬುದಕ್ಕೆ ಸಾಕ್ಷಿ. ಮುದ್ರೆಯ ಅರ್ಥವನ್ನು ಕೋಶದಲ್ಲಿ ನೋಡಬಹುದು. ಗತ್ತಿನ ಅರ್ಥ ಆ ಪ್ರಸಂಗ, ಆ ಪದ, ಆ ಪೆಟ್ಟು ಕೂಡಿದಲ್ಲಿ ಮಾತ್ರ ಇರುತ್ತದೆ. ಎಡೊಬೆಯಿಯ ಬೆರಳು ಬಿಡಿಸಿದ ಕೈಗೂ ಯಾವ ಕೋಶದಲ್ಲೂ ಅರ್ಥವಿಲ್ಲ. ಹಣದ ಕತೆ ಗೊತ್ತಿದ್ದವನಿಗೆ ಮಾತ್ರ ಅದು ದೋಚುವ ಕೈ.

ಹಾಗಿದ್ದರೆ ತಾಳಮದ್ದಳೆಯ ಗತಿಯೇನು ಎಂದು ಮೂರನೆಯವರು ಕೇಳಬಹುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಶಾಲು ಹೊದೆದು ಎದುರುಬದುರು ಕೂತಿರುತ್ತಾರೆ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರು ಕೂತಲ್ಲೇ ವಾಲಿಯಾಗುತ್ತಿದ್ದರು, ಕೇಳುವವರಿಗೆ ಬೆಳಗಾದದ್ದು ತಿಳಿಯುತ್ತಿರಲಿಲ್ಲ. ಕೈ ಇಲ್ಲದೆಯೂ ಯಕ್ಷಗಾನ ನಡೆಯುತ್ತದೆ ಎಂದಾಯಿತಲ್ಲ. ಈ ಆಕ್ಷೇಪಕ್ಕೆ ತೂಕವಿದೆ, ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ತಾಳಮದ್ದಳೆಯಲ್ಲಿ ಅತಿಶಯ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಒಂದು ಪದಕ್ಕೆ ಅರ್ಧ ಗಂಟೆಯ ಅರ್ಥ, ಒಂದು ಪ್ರಶ್ನೆಗೆ ಹತ್ತು ಮಗ್ಗುಲಿನ ಉತ್ತರ, ರಾಜಸಭೆಯೇ ಎದ್ದು ನಿಂತಂತಹ ವಾಕ್ಯ. ಅಲ್ಲಿ ಮಾತೇ ಕೈ ಚಾಚುತ್ತದೆ. ಅದೂ ಅಲ್ಲದೆ ತಾಳಮದ್ದಳೆ ಕೋಣೆಯ, ಚಾವಡಿಯ ಕಲೆ. ಕೇಳುವವನು ನಾಲ್ಕು ಮಾರು ದೂರದಲ್ಲಿರುತ್ತಾನೆ. ಬಯಲಿಗೆ ಬಂದ ಕೂಡಲೇ ಅದೇ ಕಲೆಗೆ ಕಿರೀಟ ಬೇಕಾಯಿತು, ಕೈಗೆ ಉದ್ದ ಬೇಕಾಯಿತು. ದೂರವೇ ಕೈಯನ್ನು ಬೆಳೆಸಿತು ಎಂಬ ನನ್ನ ಮಾತಿಗೆ ಇದು ಪುಷ್ಟಿ ಕೊಡುತ್ತದೆಯೇ ಹೊರತು ವಿರೋಧವಾಗುವುದಿಲ್ಲ.

ಇನ್ನು ಕಡೆಯದು, ನನಗೇ ಹೆಚ್ಚು ಕಾಡಿದ ಪ್ರಶ್ನೆ. ಅಚ್ಚಿನ ಚಿತ್ರವೇ ಇಲ್ಲದ ಕಡೆ ಅಚ್ಚಿನ ಚಿತ್ರದ ಮಾತೇಕೆ? ಅರಂತೋಡಿನ ಗದ್ದೆಯನ್ನು ಎಡೊ ಪಟ್ಟಣದ ಪಕ್ಕದಲ್ಲಿ ಇಡುವುದು ದೂರದ ಹೋಲಿಕೆ ಆಗಲಿಲ್ಲವೇ? ಅಚ್ಚು ಇಲ್ಲದಿದ್ದರೂ ಕೈಯನ್ನು ಹಿಡಿದಿಡುವ ಯತ್ನ ಈ ಸೀಮೆಯಲ್ಲಿ ಬೇರೆ ರೂಪದಲ್ಲಿ ನಡೆದಿದೆ. ಅದರಲ್ಲಿ ಮುಖ್ಯವಾದದ್ದು ಸೂತ್ರದ ಗೊಂಬೆ. ಪಯಸ್ವಿನಿ ಕಡಲು ಸೇರುವ ಕಾಸರಗೋಡಿನಲ್ಲೇ ತೆಂಕುತಿಟ್ಟಿನ ಗೊಂಬೆಯಾಟದ ತಂಡವಿದೆ, ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ. ಮರದ ಗೊಂಬೆಗೆ ಮುಖ ಒಂದೇ. ಕೆತ್ತಿದ ದಿನದ ಕೋಪವೋ ನಗುವೋ ಕೊನೆಯವರೆಗೆ ಅದೇ. ಅದಕ್ಕೆ ಸಿಗುವ ಸೂತ್ರಗಳು ಕೆಲವೇ. ಹಾಗಾಗಿ ಗೊಂಬೆ ಆಡಿಸುವವನು ವೇಷಧಾರಿಯ ನೂರು ಚಲನೆಗಳಲ್ಲಿ ಯಾವುದು ಇಲ್ಲದಿದ್ದರೆ ರಾವಣ ರಾವಣನಾಗುವುದಿಲ್ಲವೋ ಅದನ್ನು ಆರಿಸಲೇಬೇಕು. ಅವನು ಆರಿಸುವುದು ಎತ್ತಿದ ಕೈಯನ್ನು, ತಟ್ಟನೆ ತಿರುಗಿ ನಿಲ್ಲುವುದನ್ನು, ಎದೆಗೆ ತಂದ ತೋಳನ್ನು. ಯಾವ ಚಿತ್ರಕಾರ ಕೂತು ಆರಿಸಿದರೂ ಆರಿಸುವುದು ಇವನ್ನೇ. ಉಡುಪಿ ಸೀಮೆಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕುಣಿಯುವ ಮೈಯನ್ನು ಕಾಗದಕ್ಕಿಳಿಸುವಾಗ ಕಂಡುಕೊಂಡದ್ದೂ ಅದೇ. ಅವರ ಗೆರೆಗಳಲ್ಲಿ ಮುಖ ಎಷ್ಟೋ ಸಲ ಒಂದು ಚುಕ್ಕೆ, ಒಂದು ಬಾಗು ಅಷ್ಟೆ. ತೋಳು ಮಾತ್ರ ಇದ್ದುದಕ್ಕಿಂತ ಉದ್ದ. ಇಂದಿನ ಕನ್ನಡ ಪತ್ರಿಕೆಗಳ ವ್ಯಂಗ್ಯಚಿತ್ರಕಾರರು ರಾಜಕಾರಣಿಯ ತಲೆಗೆ ಕಿರೀಟ ಇಟ್ಟು, ಕಾಲು ಅಗಲಿಸಿ, ಕೈ ಎತ್ತಿಸಿ ನಿಲ್ಲಿಸಿದರೆ ಕರಾವಳಿಯ ಓದುಗನಿಗೆ ಕೆಳಗೆ ಬರೆದ ಸಾಲು ಬೇಕಾಗುವುದಿಲ್ಲ. ಆ ಗೆರೆಯನ್ನು ಓದುವ ವಿದ್ಯೆ ಅವನಿಗೆ ಶಾಲೆಯಲ್ಲಿ ಸಿಕ್ಕಿದ್ದಲ್ಲ, ಗದ್ದೆಯಲ್ಲಿ ಸಿಕ್ಕಿದ್ದು. ಕಲ್ಲಚ್ಚಿನ ಕಾಲದಲ್ಲಿ ತಪ್ಪಿಹೋದ ಚಿತ್ರ ನೂರು ವರ್ಷ ತಡವಾಗಿ ಪತ್ರಿಕೆಯ ಮೂಲೆಯಲ್ಲಿ ಬಂದಿದೆ ಎಂದು ನನಗನ್ನಿಸುತ್ತದೆ. ಆದರೆ ಅಷ್ಟರಲ್ಲಿ ಮೂಲದ ಕೈ ತೆಳ್ಳಗಾಗತೊಡಗಿತ್ತು.

ತೆಳ್ಳಗಾದದ್ದು ಹೇಗೆಂಬುದೂ ಈ ಚರಿತ್ರೆಗೆ ಸೇರಿದ್ದೇ. ಗ್ಯಾಸ್‌ಲೈಟು ಬಂದಾಗ ಬೆಂಕಿಯ ಅಲುಗಾಟ ನಿಂತಿತು. ವಿದ್ಯುದ್ದೀಪ ಬಂದಾಗ ಕತ್ತಲೆಯೇ ಹೋಯಿತು. ಧ್ವನಿವರ್ಧಕ ಬಂದಾಗ ಪದಕ್ಕೂ ಅರ್ಥಕ್ಕೂ ದೂರ ಇಲ್ಲವಾಯಿತು. ಡೇರೆಯ ಕುರ್ಚಿಯಲ್ಲಿ ಕೂತವನು ವೇಷಕ್ಕೆ ಹತ್ತಿರವಾದ. ದೂರಕ್ಕಾಗಿ ಹುಟ್ಟಿದ ಕೈ ಹತ್ತಿರದವನಿಗೆ ಅತಿ ಎನ್ನಿಸಿದರೆ ಅವನನ್ನು ದೂರಿ ಫಲವಿಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿ ಈ ಕಲೆಯನ್ನು ಊರೂರು ಸುತ್ತಿ ಅಭ್ಯಾಸ ಮಾಡಿದರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆಮೇಲೆ ಅವರು ತಮ್ಮ ಪ್ರಯೋಗಗಳಲ್ಲಿ ಮಾತನ್ನು ತೆಗೆದು ಕುಣಿತವನ್ನೂ ರಾಗವನ್ನೂ ಮುಂದೆ ತಂದಾಗ ಪರಂಪರೆಯವರು ಸಿಟ್ಟಾದರು. ಆ ಜಗಳದಲ್ಲಿ ನಾನು ಪೂರ್ತಿ ಯಾರ ಪಕ್ಷವೂ ಅಲ್ಲ. ಆದರೆ ಬಯಲಿನ ದೂರ ಹೋದ ಮೇಲೆ ಮೈಯ ಭಾಷೆ ಏನಾಗಬೇಕು ಎಂಬುದು ಉತ್ತರ ಬೇಡುವ ಪ್ರಶ್ನೆ ಎಂದು ಅವರಿಗೆ ಕಂಡಿತ್ತು, ಅದಕ್ಕೆ ಅವರು ರಂಗದ ಮೇಲೆಯೇ ಉತ್ತರ ಹುಡುಕಿದರು. ಅದನ್ನು ಒಪ್ಪಲೇಬೇಕು. ಈಗಿನ ಕಾಲಮಿತಿಯ ಆಟದಲ್ಲಿ ಗಡಿಯಾರ ಹೆಚ್ಚು ಕತ್ತರಿಸುವುದು ತೆರೆಯ ಒಡ್ಡೋಲಗವನ್ನೇ. ರಕ್ಕಸಿ ತಲೆ ಬಾಚುವ ಇಪ್ಪತ್ತು ನಿಮಿಷದಲ್ಲಿ ಕತೆ ಮುಂದಕ್ಕೆ ಹೋಗುವುದಿಲ್ಲ ಎಂಬುದು ಸಬೂಬು. ಕತೆ ಎಲ್ಲರಿಗೂ ಗೊತ್ತಿರುವ ಕಲೆಯಲ್ಲಿ ಇದು ವಿಚಿತ್ರವಾದ ಸಬೂಬು.

ಕೊನೆಗೆ ಒಂದು ಬಿನ್ನಹ, ಆಟಗಳನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವ ಉತ್ಸಾಹಿಗಳಿಗೆ. ನಿಮ್ಮ ಕೆಲಸ ದೊಡ್ಡದು. ಪಾವಂಜೆಯವರ ಪುಸ್ತಕ ಪದವನ್ನು ಉಳಿಸಿದಂತೆ ನೀವು ಮೈಯನ್ನು ಉಳಿಸುತ್ತಿದ್ದೀರಿ, ಈ ಸೀಮೆಗೆ ಎಂದೂ ಸಿಗದಿದ್ದ ಚಿತ್ರ ನಿಮ್ಮಿಂದ ಸಿಗುತ್ತಿದೆ. ಆದರೆ ಬಣ್ಣದ ವೇಷ ರಂಗಕ್ಕೆ ಬಂದಾಗ ಕ್ಯಾಮೆರಾವನ್ನು ಮುಖದ ಹತ್ತಿರಕ್ಕೆ ಎಳೆಯುತ್ತೀರಿ. ಚುಟ್ಟಿಯ ಮುಳ್ಳುಗಳು ಚೆನ್ನಾಗಿ ಕಾಣುತ್ತವೆ, ಕೈ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಬರುವ ದೀಪಾವಳಿಯ ಅನಂತರ ಮೇಳಗಳು ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಎಷ್ಟು ಆಟ ಸಿಕ್ಕುತ್ತವೋ ಅವುಗಳಲ್ಲಿ ಒಂದು ಒಡ್ಡೋಲಗವನ್ನಾದರೂ ಚಾಪೆ ಹಾಸಿ ಕೂತವನ ಜಾಗದಲ್ಲಿ ಕ್ಯಾಮೆರಾ ಇಟ್ಟು, ಕೇಸರಿತಟ್ಟಿಯಿಂದ ಗೆಜ್ಜೆಯವರೆಗೆ, ಎರಡೂ ಬದಿಗೆ ಒಂದೊಂದು ತೋಳಿನಷ್ಟು ಜಾಗ ಬಿಟ್ಟು, ಚೆಂಡೆಯ ಸದ್ದಿನೊಂದಿಗೆ ಆರಂಭದಿಂದ ಮುಗಿಯುವವರೆಗೆ ಹಿಡಿದಿಡಿ.